ಸದಸ್ಯಶ್ರವಣಮೀಮಾಂಸೆ

ಕಡೂರು ಸೀಮೆಯ ದೇವನೂರು ಲಕ್ಷ್ಮೀಕಾಂತಸ್ವಾಮಿಯ ಸನ್ನಿಧಿಯಿಂದಲೂ, ಜೈಮಿನಿ ಭಾರತವನ್ನು ರಚಿಸಿದ ಲಕ್ಷ್ಮೀಶಕವಿಯ ಊರೆಂಬ ಕೀರ್ತಿಯಿಂದಲೂ ವಿಖ್ಯಾತವಾದುದು. ಆ ಕೀರ್ತಿಯಲ್ಲಿ ಪಾಲು ಕೇಳುವ ಸುರಪುರದ ಪಕ್ಷದವರೊಡನೆ ವ್ಯಾಜ್ಯ ಹೂಡಲು ಪ್ರಕೃತ ಲೇಖಕನಿಗೆ ಪುರುಸೊತ್ತಿಲ್ಲ. ನಮಗೆ ಬೇಕಾದುದು ಆ ಕವಿಗೆ ಸಂದ ‘ನಾದಲೋಲ’ನೆಂಬ ಬಿರುದು ಮಾತ್ರ. ಅರ್ಥದ ಗೊಡವೆಗೆ ಹೋಗದೆ ಬರಿಯ ನಾದದಲ್ಲಿ ಲೀನವಾಗುವ ಶಕ್ತಿಯು ಕವಿಗಿಂತಲೂ ಗ್ರಾಮ ಪಂಚಾಯಿತಿಯ ಸದಸ್ಯನಿಗೆ ಅಧಿಕವಾಗಿ ಸಿದ್ಧಿಸಿರುವುದೆಂದು ಸಾಧಿಸುವುದೇ ಈ ಮೀಮಾಂಸೆಯ ಪ್ರಯೋಜನ. (ಇಲ್ಲಿನ ಸದಸ್ಯನು ಶಾಸ್ತ್ರಕಲ್ಪಿತನು; ದೇವನೂರಿನಲ್ಲಾಗಲಿ ಅನ್ಯತ್ರವಾಗಲಿ ಅವನ ಗುರುತು ಹಿಡಿದವರು ಆ ಪಾಪಕ್ಕೆ ತಾವೇ ಬಾಧ್ಯರು.)

ಈ ಶಾಸ್ತ್ರದ ಮೂಲ ಅರ್ವಾಚೀನವಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ನೆರೆಯಿಸಿದಾಗ, ಬಂದವರಿಗೆ ಅಹವಾಲು ಹೇಳುವ ಸ್ವಾತಂತ್ರ್ಯವಿತ್ತೇ ಹೊರತು ನಿರ್ಣಯಿಸುವ ಅಧಿಕಾರವಿರಲಿಲ್ಲ. ಕೇಳಿದರೆ ಆಳಿದಂತೆಯೇ ಎಂಬ ಸಿದ್ಧಾಂತವನ್ನು ಅಂದಿನಿಂದಲೇ ನಾವು ಅಭ್ಯಾಸ ಮಾಡುತ್ತ ಬಂದಿದ್ದೇವೆ. ತರುವಾಯ ಬಂದ 1993ರ ಪಂಚಾಯತ್ ರಾಜ್ ಅಧಿನಿಯಮವು ಸುಮಾರು 400 ಜನಕ್ಕೆ ಒಬ್ಬ ಸದಸ್ಯನೆಂದು ವಿಧಿಸಿತು. ನಾನೂರು ಬಾಯಿಗಳಿಗೆ ಎರಡೇ ಕಿವಿಗಳೆಂಬ ಗಣಿತವನ್ನು ಶಾಸನಕರ್ತರು ಗಮನಿಸಿದರೋ ಇಲ್ಲವೋ, ಸದಸ್ಯನಂತೂ ಆಯ್ಕೆಯಾದ ದಿನವೇ ಗಮನಿಸಿದನು.

ಶ್ರವಣಕ್ಕೆ ಪ್ರಶಸ್ತವಾದ ಸ್ಥಳ ಪಂಚಾಯಿತಿ ಕಛೇರಿಯಲ್ಲವೆಂಬುದು ಸರ್ವಸಮ್ಮತ. ಅರಳಿಕಟ್ಟೆ, ಚಹದಂಗಡಿ, ಮದುವೆಮನೆಯ ಊಟದ ಪಂಕ್ತಿ, ಕಡೆಗೆ ತಿಥಿಮನೆಯ ಚಪ್ಪರ, ಇವೇ ಅದರ ಕ್ಷೇತ್ರಗಳು. ನಿದರ್ಶನಾರ್ಥವಾಗಿ ನೋಡಿರಿ: ಸದಸ್ಯನು ಬೈಕಿನ ಕಿಕ್ಕರಿನ ಮೇಲೆ ಒಂದು ಕಾಲಿಟ್ಟಿದ್ದಾನೆ, ಮುದುಕಿಯೊಬ್ಬಳು ಖಾಲಿ ಕೊಡವನ್ನು ಮುಂಚಕ್ರಕ್ಕೆ ಅಡ್ಡವಿಟ್ಟು, “ನಲ್ಲೀಲಿ ನೀರು ಬಂದು ಎಂಟು ದಿನ ಆತು ಕಣಪ್ಪ” ಎನ್ನುತ್ತಾಳೆ. “ಆಯ್ತು ಬಿಡಜ್ಜಿ, ಮೀಟಿಂಗಿಗೆ ಇಡ್ತೀನಿ.” ಕೊಡ ಸರಿಯುತ್ತದೆ, ಬೈಕು ಹೊರಡುತ್ತದೆ. ತಿಂಗಳೊಪ್ಪತ್ತಿನ ಮೇಲೆ ನಡಾವಳಿ ಪುಸ್ತಕದಲ್ಲಿ, ಬೀದಿದೀಪದ ಬಲ್ಬಿಗೂ ಚರಂಡಿಯ ಹೂಳಿಗೂ ನಡುವೆ, “ಕುಡಿಯುವ ನೀರಿನ ವಿಷಯ ಚರ್ಚಿಸಲಾಯಿತು” ಎಂಬ ವಾಕ್ಯವು ಉದಯಿಸುತ್ತದೆ. ಎಂಟು ದಿನಗಳೂ ಇಲ್ಲ, ಅಜ್ಜಿಯೂ ಇಲ್ಲ. ನಾದವೊಂದು ಉಳಿದು ಅರ್ಥವು ಸಂಪೂರ್ಣವಾಗಿ ಲಯವಾದ ಸ್ಥಿತಿಗೆ ಇದಕ್ಕಿಂತ ಉತ್ತಮ ಉದಾಹರಣೆ ಅಲಂಕಾರಶಾಸ್ತ್ರದಲ್ಲಿಯೂ ದೊರೆಯದು.

ಅಪವಾದಗಳಿಲ್ಲವೆಂದಲ್ಲ. ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರು ಇಂಥ ಕೊಡದ ಸದ್ದನ್ನು ಕೇಳಿ, ಅದರ ಅರ್ಥವನ್ನೂ ಗ್ರಹಿಸಿ, ಹಳ್ಳಿಹಳ್ಳಿಗಳಲ್ಲಿ ಕೊಳವೆಬಾವಿ ಕೊರೆಯಿಸಿ ‘ನೀರ್ ಸಾಬ್’ ಎನಿಸಿಕೊಂಡರು. ನಮ್ಮ ಶಾಸ್ತ್ರಕ್ಕೆ ಇದರಿಂದ ಒದಗಿದ ಹಾನಿ ಅಲ್ಪವಲ್ಲ.

ಆ ಹಾನಿಯನ್ನು ಇನ್ನಷ್ಟು ಹೆಚ್ಚಿಸುವ ಉಪಾಯವು ಓದುಗರ ಕೈಯಲ್ಲಿಯೂ ಉಂಟು: ವಾರ್ಡ್ ಸಭೆಯು ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕೆಂದು ಅಧಿನಿಯಮವೇ ಹೇಳುತ್ತದೆ. ಡಂಗುರ ಕೇಳಿದೊಡನೆ ಓದುಗರು ಹೋಗಬೇಕು. ಬಿಸ್ಕತ್ತಿನ ತಟ್ಟೆ ಬರುವುದಕ್ಕೆ ಮೊದಲೇ, ತಾವಾಡಿದ ಮಾತು ದಿನದ ಲೆಕ್ಕದೊಡನೆ ಪುಸ್ತಕಕ್ಕೆ ಬಿದ್ದಿತೇ ಎಂದು ಓದಿಸಿ ಕೇಳಿ ಬರಬೇಕು.