ಯಾವ ರಾಯರು?

2013ರ ನವೆಂಬರ್ 16, ಶನಿವಾರ. ಸಚಿನ್ ವಾಂಖೆಡೆಯ ಪಿಚ್ಚಿಗೆ ನಮಸ್ಕರಿಸಿ ಹೊರಟದ್ದನ್ನು ನೋಡಿ ಮನೆಮಂದಿಯೆಲ್ಲ ಕಣ್ಣೊರೆಸಿಕೊಂಡಾಗಿತ್ತು. ಮಧ್ಯಾಹ್ನ ಭಾರತರತ್ನದ ಸುದ್ದಿ ಬಂತು. "ಅವನಿಗೆ ಕೊಡದೆ ಇನ್ಯಾರಿಗೆ ಕೊಡ್ತಾರೆ" ಎಂದ ಸೋದರಮಾವ, ಪರದೆಯ ತಳದಲ್ಲಿ ಓಡುತ್ತಿದ್ದ ಇನ್ನೊಂದು ಹೆಸರನ್ನು ಕನ್ನಡಕ ಏರಿಸಿ ಓದಿದರು. "ಸಿ.ಎನ್.ಆರ್. ರಾವ್... ಯಾವ ರಾಯರೋ ಇವರು?"

ಮಾವನಿಗೆ ರಾಯರೆಂದರೆ ಮೊದಲು ಮಂತ್ರಾಲಯದವರು, ಆಮೇಲೆ ಬ್ಯಾಂಕಿನವರು.

"ನಿಮ್ಮ ಬಸವನಗುಡಿಯವರೇ ಮಾವ, ಆಚಾರ್ಯ ಪಾಠಶಾಲೆಯಲ್ಲಿ ಓದಿದವರು."

"ಹಾಗಾದ್ರೆ ಕೊಡಬೇಕಾದ್ದೇ. ಏನು ಕಂಡುಹಿಡಿದರು?"

ಇಲ್ಲಿ ಸಿಕ್ಕಿಬಿದ್ದೆ. ಕ್ರಿಕೆಟ್ಟಿನಲ್ಲಿ ನೂರು ಶತಕ ಅಂದರೆ ಮಾತು ಮುಗಿಯಿತು. ಘನಸ್ಥಿತಿ ರಸಾಯನಶಾಸ್ತ್ರದಲ್ಲಿ ಸಾವಿರ ದಾಟಿದ ಸಂಶೋಧನಾ ಲೇಖನಗಳೆಂದರೆ ಯಾರು ಚಪ್ಪಾಳೆ ತಟ್ಟುತ್ತಾರೆ? ಕಷ್ಟಪಟ್ಟು ಅತಿವಾಹಕದ ಕತೆ ಹೇಳಿದೆ: ತಡೆಯೇ ಇಲ್ಲದೆ ವಿದ್ಯುತ್ ಹರಿಯುವ ವಸ್ತುಗಳ ಹಿಂದೆ 1987ರಲ್ಲಿ ಲೋಕವೇ ಬಿದ್ದಿತ್ತು, ದ್ರವ ಸಾರಜನಕದಲ್ಲಿ ಅದ್ದಿದರೆ ಸಾಕು, ಹಾಗಾಗಿಬಿಡುವ ಇಟ್ರಿಯಂ, ಬೇರಿಯಂ, ತಾಮ್ರದ ಆಕ್ಸೈಡೊಂದರ ಮೇಲೆ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ರಾಯರ ತಂಡವೂ ದುಡಿದಿತ್ತು.

ಮಾವ ಗಂಭೀರರಾದರು. "ಹಾಗಿದ್ರೆ ನಮ್ಮ ಬೀದಿ ಟ್ರಾನ್ಸ್‌ಫಾರ್ಮರ್ರಿಗೆ ಅದನ್ನ ಒಂದಿಷ್ಟು ಹಾಕಬಾರದೇ?"

ಆಮೇಲೆ ಪ್ರಶಸ್ತಿಯಲ್ಲಿ ಏನೇನು ಕೊಡುತ್ತಾರೆಂಬ ವಿಚಾರಣೆ. ಅರಳಿ ಎಲೆಯ ಆಕಾರದ ಕಂಚಿನ ಪದಕ, ರಾಷ್ಟ್ರಪತಿಗಳ ಸಹಿಯ ಸನ್ನದು. ದುಡ್ಡಿಲ್ಲ. ಹೆಸರಿನ ಹಿಂದೆ ಮುಂದೆ ಅಂಟಿಸಿಕೊಳ್ಳುವಂತೆಯೂ ಇಲ್ಲ. ಬಡಾವಣೆಯ ಸಂಘ ಒಮ್ಮೆ ಮಾವನಿಗೆ ಶಾಲು, ಮೈಸೂರು ಪೇಟ, ಗಂಧದ ಹಾರ ಹಾಕಿ ಸನ್ಮಾನಿಸಿತ್ತು. ಅಂದಿನಿಂದ ಅವರ ಲೆಟರ್‌ಹೆಡ್ಡಿನಲ್ಲಿ 'ಸನ್ಮಾನಿತರು' ಎಂಬ ಪದ ಇದೆ. "ಒಂದು ಹಣ್ಣಿನ ಬುಟ್ಟಿಯೂ ಇಲ್ಲವೇನೋ?" ಎಂದು ಪಾಪ, ನಿಜವಾಗಿಯೂ ನೊಂದುಕೊಂಡರು.

ರಾಯರ ಮೇಲೆ ಅವರಿಗೆ ಪೂರ್ತಿ ಗೌರವ ಹುಟ್ಟಿದ್ದು ಮರುದಿನ. ವಿಜ್ಞಾನಕ್ಕೆ ಕೊಡುವ ದುಡ್ಡು ಏನೇನೂ ಸಾಲದೆಂದು ರಾಯರು ಪತ್ರಕರ್ತರ ಮುಂದೆಯೇ ರೇಗಿ, ರಾಜಕಾರಣಿಗಳನ್ನು ಮೂರ್ಖರೆಂದು ಬೈದುಬಿಟ್ಟಿದ್ದರು. ಎಪ್ಪತ್ತೊಂಬತ್ತರ ವಯಸ್ಸು, ಪ್ರಶಸ್ತಿ ಘೋಷಣೆಯಾಗಿ ಇಪ್ಪತ್ತನಾಲ್ಕು ಗಂಟೆಯ ಆಸುಪಾಸು. ಇನ್ನೊಬ್ಬರಾಗಿದ್ದರೆ ಕೃತಜ್ಞತೆಯಿಂದ ಗಂಟಲು ಕಟ್ಟಿಸಿಕೊಳ್ಳುತ್ತಿದ್ದರು. ಹೋಂವರ್ಕ್ ಮಾಡದ ಹುಡುಗರನ್ನು ಕಂಡ ಮೇಷ್ಟರಂತೆ ಇವರು ಗದರಿದ್ದರು. "ಇವರು ನಮ್ಮ ರಾಯರೇ ಸರಿ!" ಎಂದು ಮಾವ ತೊಡೆ ತಟ್ಟಿದರು.

ಅಷ್ಟರಲ್ಲಿ ಕರೆಂಟು ಹೋಯಿತು.

ಕತ್ತಲಲ್ಲಿ ಮಾವನ ದನಿ ಮಾತ್ರ ಬಂತು: "ಲೋ, ನಾಳೆ ಅವರಿಗೊಂದು ಕಾಗದ ಬರಿ. ಹಣ್ಣಿನ ಬುಟ್ಟಿ ನನ್ನ ಲೆಕ್ಕ."