ಫ್ರಿಡ್ಜಿನ ಕಿವಿ ಹಿಂಡುವವರು

ನಮ್ಮ ಮನೆಯಲ್ಲಿ ಕೊತ್ತಂಬರಿ ಸೊಪ್ಪನ್ನು ಹೆಚ್ಚುವುದಿಲ್ಲ, ಮುರಿಯುತ್ತೇವೆ. ಫ್ರಿಡ್ಜಿನ ಒಳಗೋಡೆಗೆ ತಾಗಿ ಕೂತ ಕಟ್ಟು ಬೆಳಗಾಗುವಷ್ಟರಲ್ಲಿ ಗಾಜಿನ ಕಡ್ಡಿಯಾಗಿರುತ್ತದೆ. ಹೊರಗೆ ತೆಗೆದು ಹತ್ತು ನಿಮಿಷವಾದರೆ ಕಪ್ಪು ಲೋಳೆ. ಸರಿ, ತಂಪು ಹೆಚ್ಚಾಯಿತೆಂದು ಯಾರೋ ಏನೋ ತಿರುಗಿಸುತ್ತಾರೆ. ಮುಂದಿನ ವಾರ ಸೊಪ್ಪು ಸೊಪ್ಪಿನಂತೆಯೇ ಇರುತ್ತದೆ, ಹಾಲು ಒಡೆಯುತ್ತದೆ. ಒಂದು ವಾರ ಕಾಶ್ಮೀರ, ಒಂದು ವಾರ ರಾಯಚೂರು. ಎರಡಕ್ಕೂ ಕರೆಂಟ್ ಬಿಲ್ ಒಂದೇ.

ಈ ಹವಾಮಾನ ವೈಪರೀತ್ಯಕ್ಕೆಲ್ಲ ಕಾರಣ ಒಂದು ತಿರುಗುವ ಗುಂಡಿ. ಅದು ಎಲ್ಲಿದೆ ಎಂದು ಪತ್ತೆ ಹಚ್ಚಲು ನನಗೆ ಎರಡು ವರ್ಷ ಬೇಕಾಯಿತು. ನಮ್ಮ ಫ್ರಿಡ್ಜಿನಲ್ಲಿ ಅದು ದೋಸೆಹಿಟ್ಟಿನ ಪಾತ್ರೆ, ಮಿಡಿ ಉಪ್ಪಿನಕಾಯಿಯ ಭರಣಿ, ಯಾವುದೋ ಮದುವೆಯ ಮೈಸೂರು ಪಾಕಿನ ಡಬ್ಬಿ ಇವುಗಳ ಹಿಂದೆ, ಬಲ್ಬಿನ ಪಕ್ಕ, ಚಾವಣಿಗೆ ಅಂಟಿಕೊಂಡಿದೆ. ನಂಬರು ಓದಬೇಕಾದರೆ ಮಂಡಿಯೂರಿ, ಕತ್ತು ತಿರುಚಿ, ಮೊಬೈಲ್ ಟಾರ್ಚ್ ಬಿಡಬೇಕು. ಗರ್ಭಗುಡಿಯ ದೇವರಾದರೂ ಮಂಗಳಾರತಿಯ ಹೊತ್ತಿಗೆ ಕಾಣಿಸುತ್ತಾನೆ. ಹೊಸ ಮಾದರಿಗಳಲ್ಲಿ ಗುಂಡಿ ಬಾಗಿಲಿನ ಮೇಲೇ ಬಂದಿದೆಯಂತೆ, ಮುಟ್ಟಿದರೆ ಸಾಕಂತೆ. ಆದರೆ ಅದಕ್ಕೆ ಮಕ್ಕಳು ಮುಟ್ಟದಿರಲೆಂದು ಬೀಗವಿದೆ. ಆ ಬೀಗ ತೆಗೆಯಲು ಬರುವುದು ಮನೆಯ ಮಕ್ಕಳಿಗೆ ಮಾತ್ರ.

ಗುಂಡಿಯ ಮೇಲೆ 1ರಿಂದ 7ರವರೆಗೆ ಅಂಕಿಗಳಿವೆ. ಏಳು ಎಂದರೆ 7 ಡಿಗ್ರಿ, ಒಂದು ಎಂದರೆ 1 ಡಿಗ್ರಿ ಎಂದು ಸಹಜವಾಗಿ ನಂಬಿ, ಬೇಸಿಗೆ ಬಂದ ಕೂಡಲೇ ಗುಂಡಿಯನ್ನು 1ಕ್ಕೆ ತಂದಿಟ್ಟವನು ನಾನು. ಮೊಸರು ಹುಳಿಯ ಎಲ್ಲ ಮಜಲುಗಳನ್ನೂ ದಾಟಿತು. ಆಮೇಲೆ ತಿಳಿಯಿತು, ಇಲ್ಲಿ ಲೆಕ್ಕ ತಿರುವುಮುರುವು, ಅಂಕಿ ಏರಿದಷ್ಟೂ ಚಳಿ. ಇದಕ್ಕೂ ಒಂದು ಹಿರಿಯ ಪರಂಪರೆ ಉಂಟು. ಸ್ವೀಡನ್ನಿನ ಆಂಡರ್ಸ್ ಸೆಲ್ಸಿಯಸ್ 1742ರಲ್ಲಿ ತನ್ನ ಅಳತೆಯನ್ನು ಮುಂದಿಟ್ಟಾಗ ನೀರು ಕುದಿಯುವುದು 0, ಹೆಪ್ಪುಗಟ್ಟುವುದು 100 ಎಂದೇ ಇಟ್ಟಿದ್ದ. ಅವನು 1744ರಲ್ಲಿ ತೀರಿಕೊಂಡ ಮೇಲೆ ಜನ ಅದನ್ನು ತಲೆಕೆಳಗು ಮಾಡಿ ಈಗಿನ ರೂಪಕ್ಕೆ ತಂದರು. ಸುದ್ದಿ ಫ್ರಿಡ್ಜು ಮಾಡುವವರಿಗೆ ಇನ್ನೂ ಮುಟ್ಟಿಲ್ಲ.

ಅಸಲಿಗೆ ಆ 7 ಯಾವ ಡಿಗ್ರಿಯೂ ಅಲ್ಲ. ಗುಂಡಿಯ ಹಿಂದೆ ಒಂದು ಸಣ್ಣ ಕೊಳವೆ, ಅದರೊಳಗೆ ಅನಿಲ, ಅದು ಹಿಗ್ಗಿದರೆ ಕಂಪ್ರೆಸರ್ ಶುರು, ಕುಗ್ಗಿದರೆ ಬಂದ್. ನಾವು ತಿರುಗಿಸುವುದು ಆ ಅನಿಲ ತಳ್ಳಬೇಕಾದ ಸ್ಪ್ರಿಂಗಿನ ಬಿಗಿಯನ್ನು. ಅಂದರೆ 4 ಎಂಬುದು ಸ್ಪ್ರಿಂಗಿನ ಮನಸ್ಥಿತಿ. ಬಾಗಿಲ ಮೇಲೆ ನಕ್ಷತ್ರಗಳ ಚೀಟಿ ಅಂಟಿಸಿ, ವರ್ಷಕ್ಕೆ ಎಷ್ಟು ಯೂನಿಟ್ ತಿನ್ನುತ್ತದೆ ಎಂದು ಜಾತಕ ಬರೆದು ಕೊಡುತ್ತಾರೆ. ಒಳಗೆ ಎಷ್ಟು ಡಿಗ್ರಿ ಇದೆ ಎಂದು ಕೇಳಿದರೆ ಬಲ್ಬು ತೋರಿಸುತ್ತಾರೆ.

ಮ್ಯಾನ್ಯುಯಲ್ ಓದಬಾರದೇ ಎಂದಿರಾ? ಓದಿದೆ. ಬೀರುವಿನಲ್ಲಿ ಸೀರೆಗಳ ಕೆಳಗೆ, ಪ್ಲಾಸ್ಟಿಕ್ ಲಕೋಟೆಯಲ್ಲಿ, ಆಸ್ತಿಪತ್ರದಷ್ಟೇ ಜೋಪಾನವಾಗಿತ್ತು. ಇಂಗ್ಲಿಷ್ ಇತ್ತು, ಹಿಂದಿ ಇತ್ತು. ಫ್ರಿಡ್ಜು ಕೊಳ್ಳಿ ಎಂಬ ಜಾಹೀರಾತು ಅಚ್ಚಗನ್ನಡದಲ್ಲಿ, ದಸರಾ ಶುಭಾಶಯದ ಸಮೇತ ಬಂದಿತ್ತು. ದುಡ್ಡು ಕೊಟ್ಟಾದ ಮೇಲೆ ಕನ್ನಡ ಮುಗಿಯಿತು.

ಗುಂಡಿ ಒಂದೇ ಆಗಿದ್ದರೆ ಹೇಗೋ ಬಾಳಬಹುದಿತ್ತು. ನಮ್ಮದು ಎರಡು ಬಾಗಿಲಿನದು. ಮೇಲೆ ಫ್ರೀಜರು, ಅದಕ್ಕೊಂದು ಜಾರುಗುಂಡಿ. ಕೆಳಗೆ ಫ್ರಿಡ್ಜು, ಅದಕ್ಕೊಂದು ತಿರುಗುಗುಂಡಿ. ಎರಡು ಗುಂಡಿ ಎಂದರೆ ಎರಡು ಯಂತ್ರ ಎಂದೇ ನಾವು ತಿಳಿದಿದ್ದೆವು. ಮಗರಾಯ ಐಸ್‌ಕ್ರೀಮ್ ಗಟ್ಟಿಯಾಗಿರಲೆಂದು ಮೇಲಿನದನ್ನು ಪೂರ್ತಿ ತಳ್ಳುವುದು, ಕೆಳಗೆ ಹಾಲು ಕೆಡುವುದು, ಅಮ್ಮ ಹಾಲಿನವನನ್ನು ಬೈಯುವುದು, ಹೀಗೇ ಒಂದು ತಿಂಗಳು ನಡೆಯಿತು. ಕೊನೆಗೆ ಮೆಕ್ಯಾನಿಕ್ ಬಂದ. ಹಿಂದೆ ಬಗ್ಗಿ ನೋಡದೆಯೇ "ಗ್ಯಾಸ್ ಹೋಗಿದೆ ಸಾರ್" ಎಂದ. ಆ ಮಾತನ್ನು ಅವರು ನಮಸ್ಕಾರದ ಬದಲು ಹೇಳುತ್ತಾರೆ. ಆಮೇಲೆ ಬಾಗಿಲು ತೆರೆದು, ಮೇಲಿನ ಗುಂಡಿಯನ್ನು ಅರ್ಧಕ್ಕೆ ತಂದು, ಕೆಳಗಿನದನ್ನು 4ಕ್ಕಿಟ್ಟು, ಬಂದುಹೋದ ಚಾರ್ಜು ವಸೂಲು ಮಾಡಿದ.

ಹೋಗುವ ಮುನ್ನ ಅವನು ಹೇಳಿದ್ದೇ ನನ್ನ ಪಾಲಿನ ಉಪನಿಷತ್ತು. ತಂಪು ಹುಟ್ಟುವ ಜಾಗ ಒಂದೇ, ಅದೂ ಮೇಲೆ. ಅಲ್ಲಿಂದ ಒಂದು ಫ್ಯಾನು ಗಾಳಿಯನ್ನು ಕೆಳಕ್ಕೆ ದೂಡುತ್ತದೆ. ಮೇಲಿನ ಜಾರುಗುಂಡಿ ಬರೀ ಒಂದು ರೆಕ್ಕೆ, ಅದನ್ನು ಪೂರ್ತಿ ತಳ್ಳಿದರೆ ಕೆಳಕ್ಕೆ ಹೋಗುವ ದಾರಿ ಕಿರಿದಾಗುತ್ತದೆ. ಕಂಪ್ರೆಸರನ್ನು ಆಳುವುದು ಕೆಳಗಿನ ಗುಂಡಿ. ಅಂದರೆ ಖಜಾನೆ ಒಂದೇ, ಅನುದಾನವನ್ನು ಮೇಲ್ಮನೆ ತಡೆದರೆ ಕೆಳಮನೆ ಹುಳಿಯಾಗುತ್ತದೆ. ಇಷ್ಟು ಸರಳವಾದ ರಾಜಕೀಯ ಗುಂಡಿಯ ಪಕ್ಕ ಒಂದು ಸಾಲಿನಲ್ಲಿ ಬರೆಯಲು ಜಾಗ ಇರಲಿಲ್ಲವೇ? ಅಲ್ಲಿ ಮೂರು ಹಿಮದ ಹೂವಿನ ಚಿತ್ರ ಬಿಡಿಸಿದ್ದಾರೆ. ಚಿಕ್ಕದು, ಮಧ್ಯಮ, ದೊಡ್ಡದು. ಅಮ್ಮ ಅದನ್ನು ರಂಗೋಲಿ ಎಂದೇ ತಿಳಿದಿದ್ದಳು.

ಮನೆಯಲ್ಲಿ ಪಾಠ ಕಲಿತವನು ಕಾರಿನಲ್ಲಿ ಮತ್ತೆ ಒಂದನೇ ಕ್ಲಾಸು. ಅಲ್ಲಿ ಅಂಕಿಯೂ ಇಲ್ಲ, ಒಂದು ಕಡೆ ನೀಲಿ, ಒಂದು ಕಡೆ ಕೆಂಪು. ಬೆಂಗಳೂರಿನಲ್ಲಿ ನನ್ನಂಥ ಜಾಣರು ಎ.ಸಿ. ಹಾಕಿ, ಪೆಟ್ರೋಲು ಉಳಿಸಲೆಂದು ಗುಂಡಿಯನ್ನು ನಡುವೆ ನಿಲ್ಲಿಸುತ್ತೇವೆ. ಮಾಮೂಲಿ ಗುಂಡಿಯ ಕಾರುಗಳಲ್ಲಿ ಅದರಿಂದ ಉಳಿಯುವುದು ಹೆಚ್ಚುಕಡಿಮೆ ಸೊನ್ನೆ. ಕಂಪ್ರೆಸರು ತನ್ನ ಪಾಡಿಗೆ ಗಾಳಿಯನ್ನು ತಣ್ಣಗೆ ಮಾಡುತ್ತದೆ. ಗುಂಡಿ ಒಂದು ಹಲಗೆಯನ್ನು ಸರಿಸಿ ಅದೇ ಗಾಳಿಯನ್ನು ಎಂಜಿನ್ನಿನ ಬಿಸಿಯ ಮೇಲೆ ಹಾಯಿಸುತ್ತದೆ. ಬೆಣ್ಣೆ ಕಡೆದು ಮತ್ತೆ ಮಜ್ಜಿಗೆಗೇ ಕಲಸಿದ ಹಾಗೆ.

ಇನ್ನು ಹೀಟರು ಪೆಟ್ರೋಲು ಕುಡಿಯುತ್ತದೆ ಎಂದು ಚಳಿಯಲ್ಲಿ ನಡುಗುತ್ತ ಕೂರುವ ಮಿತವ್ಯಯಿಗಳು. ಎಂಜಿನ್ನನ್ನು ತಣಿಸಿ ಕಾದ ನೀರು ಹೇಗೂ ಸುತ್ತುತ್ತಿರುತ್ತದೆ, ಹೀಟರು ಅದರ ಬಿಸಿಯನ್ನೇ ಒಳಕ್ಕೆ ಊದುತ್ತದೆ. ನಾವು ಬೇಡವೆಂದರೂ ಅದು ರೇಡಿಯೇಟರಿನಿಂದ ರಸ್ತೆಗೆ ಹೋಗುವ ಬಿಸಿಯೇ. ಬ್ಯಾಟರಿ ಕಾರಿನವರು ಮಾತ್ರ ಈ ಮಾತಿಗೆ ತಲೆದೂಗಬಾರದು. ಅವರ ಹೀಟರು ಬ್ಯಾಟರಿಯನ್ನೇ ತಿನ್ನುತ್ತದೆ.

ಹೋದ ಮಳೆಗಾಲದಲ್ಲಿ ಧರ್ಮಸ್ಥಳಕ್ಕೆ ಹೊರಟಿದ್ದೆವು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ಮುಂದಿನ ಗಾಜು ಒಳಗಿನಿಂದ ಬೆಳ್ಳಗಾಯಿತು. ಐದು ಜನರ ಉಸಿರು, ಒದ್ದೆ ಛತ್ರಿ, ಒದ್ದೆ ಕಾಲು. ಮನೆಯಾಕೆ ಸೆರಗಿನಲ್ಲಿ ಗಾಜು ಒರೆಸುತ್ತ, "ರೀ, ಹೀಟರ್ ಹಾಕ್ರೀ, ಏನೂ ಕಾಣ್ತಿಲ್ಲ" ಎಂದಳು. ಹಿಂದಿನಿಂದ ಭಾಮೈದ, "ಭಾವ, ಅಕ್ಕನ ಮಾತು ಕೇಳಬೇಡಿ, ಎ.ಸಿ. ಹಾಕಿ" ಎಂದ. ಅಮ್ಮ ಮಾತ್ರ, "ಯಾವುದೂ ಬೇಡ ಕಣೋ, ಕಿಟಕಿ ಇಳಿಸು" ಎಂದು ಸ್ವಾಮಿಯನ್ನು ನೆನೆದಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಹಾಗೆ ಅಕ್ಕ ತಮ್ಮ ಇಬ್ಬರೂ ಮುಂದೆ ಬಗ್ಗಿ ಒಬ್ಬರು ಕೆಂಪಿಗೂ ಒಬ್ಬರು ನೀಲಿಗೂ ಎಳೆದಾಡಿದರು. ಕೈ ತಪ್ಪಿ ಗುಂಡಿ ಕೆಂಪಿನಲ್ಲಿ ನಿಂತಿತು, ಎ.ಸಿ. ಚಾಲೂ ಇತ್ತು, ಗಾಳಿ ಗಾಜಿನ ಕಡೆ ತಿರುಗಿತ್ತು. ಒಂದು ತಿರುವು ಕಳೆಯುವಷ್ಟರಲ್ಲಿ ಗಾಜು ತಿಳಿಯಾಯಿತು.

ಇಬ್ಬರೂ ಗೆದ್ದಿದ್ದರು. ಎ.ಸಿ. ಗಾಳಿಯ ತೇವ ಹಿಂಡುತ್ತದೆ, ಹೀಟರು ಆ ಒಣಗಾಳಿಯನ್ನು ಬೆಚ್ಚಗೆ ಮಾಡುತ್ತದೆ, ಒಣಗಿದ ಬಿಸಿಗಾಳಿ ಗಾಜಿನ ಮಂಜನ್ನು ಹೀರುತ್ತದೆ. ಜೊತೆಗೆ ಹೊರಗಿನ ಗಾಳಿ ಒಳಬರಬೇಕು. ಅದಕ್ಕೊಂದು ಬೇರೆ ಗುಂಡಿ, ಕಾರಿನ ಹೊಟ್ಟೆಯಲ್ಲಿ ಬಾಣ ತಿರುಗುವ ಚಿತ್ರದ್ದು, ಅದು ಬಂದ್ ಆಗಿರಬೇಕು. ಭಾಮೈದ ಅದನ್ನು ಇಷ್ಟು ದಿನ 'ಯೂ ಟರ್ನ್' ಎಂದುಕೊಂಡಿದ್ದನಂತೆ.

ಅದಕ್ಕೂ ಮೀರಿದ ಅವಮಾನ ಶಿರಾಡಿಯಲ್ಲಿ, ಏಪ್ರಿಲ್ ಮಧ್ಯಾಹ್ನ. ಲಾರಿಗಳ ಸಾಲಿನ ಹಿಂದೆ ಘಾಟಿ ಹತ್ತುವಾಗ ಎಂಜಿನ್ ಬಿಸಿಯ ಮುಳ್ಳು ಕೆಂಪಿಗೆ ಹತ್ತಿತು. ಪಕ್ಕದ ಲಾರಿಯ ಕ್ಲೀನರ್ ಹುಡುಗ ಕೂಗಿ ಹೇಳಿದ, "ಎ.ಸಿ. ತೆಗೀರಿ ಸಾರ್, ಹೀಟರ್ ಫುಲ್ ಕೊಡಿ!" ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡೆ. ತಮಾಷೆಯಾಗಿರಲಿಲ್ಲ. ಹೀಟರೂ ಒಂದು ಪುಟ್ಟ ರೇಡಿಯೇಟರೇ, ಎಂಜಿನ್ನಿನ ಬಿಸಿಯಲ್ಲಿ ಒಂದು ಪಾಲನ್ನು ನಮ್ಮ ಮೈಮೇಲೆ ಸುರಿದು ಅದನ್ನು ಕಾಪಾಡುತ್ತದೆ. ಗಾಡಿ ನಿಲ್ಲಿಸಲು ಜಾಗ ಸಿಗುವವರೆಗೆ ಕಿಟಕಿ ಇಳಿಸಿ, ಆ ಬಿಸಿಲಿನಲ್ಲಿ ಹೀಟರ್ ಹಾಕಿಕೊಂಡು ಹೋದೆವು. ಮುಳ್ಳು ಇಳಿಯಿತು. ಹಿಂದಿನ ಸೀಟಿನಲ್ಲಿ ಹೋಳಿಗೆಯ ಹದಕ್ಕೆ ಬಂದಿದ್ದ ಅಮ್ಮ ಆ ಹುಡುಗನನ್ನು ಇವತ್ತಿಗೂ ಹರಸುತ್ತಾಳೋ ಬೈಯುತ್ತಾಳೋ ಗೊತ್ತಾಗುವುದಿಲ್ಲ.

ನಮ್ಮ ಗುಂಡಿಭಕ್ತಿಯನ್ನು ಸರ್ಕಾರವೂ ಬಲ್ಲದು. 2020ರ ಜನವರಿ 1ರಿಂದ ನಕ್ಷತ್ರದ ಚೀಟಿಯ ಕೋಣೆ ಎ.ಸಿ.ಗಳು ಹಾಕಿದ ಕೂಡಲೇ 24 ಡಿಗ್ರಿಯಲ್ಲಿ ಶುರುವಾಗಬೇಕೆಂದು ನಿಯಮ ಮಾಡಿತು. ನಾವು ರಿಮೋಟು ಎತ್ತಿಕೊಂಡು 16ಕ್ಕೆ ಇಳಿಸಿ, ಆಮೇಲೆ ರಗ್ಗು ಹುಡುಕುತ್ತೇವೆ.

ಈ ಜ್ಞಾನೋದಯಗಳ ನಂತರ ನಾನು ಒಂದು ಥರ್ಮಾಮೀಟರ್ ತಂದೆ, ಮೆಕ್ಯಾನಿಕ್ಕಿನ ಬಂದುಹೋದ ಚಾರ್ಜಿಗಿಂತ ಅಗ್ಗ. ಒಂದು ಲೋಟ ನೀರಿನಲ್ಲಿ ಅದನ್ನು ನಿಲ್ಲಿಸಿ, ರಾತ್ರಿ ಫ್ರಿಡ್ಜಿನ ನಡುಹಲಗೆಯಲ್ಲಿಟ್ಟು, ಬೆಳಿಗ್ಗೆ ಬಾಗಿಲು ತೆರೆದ ತಕ್ಷಣ ಓದಬೇಕು. 4 ಡಿಗ್ರಿ ಆಸುಪಾಸು ಇದ್ದರೆ ಸರಿ, 5 ದಾಟಬಾರದು. ಫ್ರೀಜರಿಗೆ ಮೈನಸ್ 18. ಮೂರು ರಾತ್ರಿ, ಮೂರು ಸಲ ಗುಂಡಿಯ ಕಿವಿ ಹಿಂಡಿದ ಮೇಲೆ 4 ಬಂತು. ಗುಂಡಿ ಆಗ ಮೂರಕ್ಕೂ ನಾಲ್ಕಕ್ಕೂ ನಡುವೆ, ಯಾವ ಅಂಕಿಯೂ ಇಲ್ಲದ ಕಡೆ ನಿಂತಿತ್ತು. ಅಮ್ಮ ತನ್ನ ಕನ್ನಡಿಯಿಂದ ಒಂದು ಕೆಂಪು ಟಿಕ್ಲಿ ಕಿತ್ತು ತಂದು ಆ ಜಾಗಕ್ಕೆ ಅಂಟಿಸಿದಳು. ಈ ಬೇಸಿಗೆಗೆ ಅದು ಅಲ್ಲಿಯೇ ಇದೆ, ಹಾಲು ಒಡೆದಿಲ್ಲ.