ಸಹಧಾವಕ ಮೀಮಾಂಸೆ: ಸೆಕೆಯಲ್ಲಿ ಗೆಳೆಯನನ್ನು ಓಡಿಸುವ ಶಾಸ್ತ್ರ

ಬದುಕಿಗೆ ಬೇಕಾದ ವಿದ್ಯೆಗಳಿಗೆಲ್ಲ ನಮ್ಮ ಹಿರಿಯರು ಶಾಸ್ತ್ರ ಬರೆದಿಟ್ಟು ಹೋಗಿದ್ದಾರೆ. ಆನೆಯ ಅಜೀರ್ಣಕ್ಕೆ ಶಾಸ್ತ್ರವಿದೆ, ಅಡುಗೆಗೆ ಶಾಸ್ತ್ರವಿದೆ, ಮೈಮೇಲೆ ಹಲ್ಲಿ ಬಿದ್ದರೆ ಏನು ಫಲ ಎನ್ನುವುದಕ್ಕೂ ಪಂಚಾಂಗದಲ್ಲಿ ಒಂದು ಪುಟವಿದೆ. ಆದರೆ ಆಪ್ತನೊಬ್ಬ ಮುಂಬೈ ಮ್ಯಾರಥಾನಿಗೆ ಹೆಸರು ಕೊಟ್ಟು ಬಂದು, "ಗುರೂ, ನೀನೇ ನಂಗೆ ಪೇಸ್ ಮಾಡ್ಬೇಕು" ಎಂದು, ಅಂದರೆ ಪಕ್ಕದಲ್ಲೇ ಓಡಿ ವೇಗ ಹಿಡಿಸುವ ಸಹಧಾವಕನಾಗೆಂದು ಹಲ್ಲು ಕಿರಿದಾಗ ಯಾವ ಗ್ರಂಥ ತೆರೆಯಬೇಕು? ಈ ಮಹಾ ಕೊರತೆಯನ್ನು ನೀಗಿಸಲು ಪ್ರಸ್ತುತ ಮೀಮಾಂಸೆ ಪ್ರವೃತ್ತವಾಗಿದೆ.

ಅನುಬಂಧ ಚತುಷ್ಟಯ

ಶಾಸ್ತ್ರವೆಂದ ಮೇಲೆ ನಾಲ್ಕು ಸಂಗತಿಗಳನ್ನು ಮೊದಲೇ ಹೇಳಬೇಕು. ವಿಷಯ: 42.195 ಕಿಲೋಮೀಟರ್ ದೂರ, ಕಡಲತೀರದ ಸೆಕೆ, ಒಬ್ಬ ಗೆಳೆಯ. ಪ್ರಯೋಜನ: ಆತ ತನ್ನ ಕಾಲ ಮೇಲೆಯೇ ಕೊನೆಯ ಗೆರೆ ದಾಟುವುದು; ಸ್ನೇಹ ಉಳಿಯುವುದು ಆನುಷಂಗಿಕ ಫಲ, ಅದಕ್ಕೆ ಶಾಸ್ತ್ರಕಾರ ಹೊಣೆಯಲ್ಲ. ಸಂಬಂಧ: 10 ಕಿ.ಮೀ.ವರೆಗೆ ಸಖ್ಯ, 30 ದಾಟಿದ ಮೇಲೆ ಋಣಾನುಬಂಧ. ನಾಲ್ಕನೆಯದಾದ ಅಧಿಕಾರಿ ಯಾರೆಂಬುದು ಜಟಿಲವಾದ್ದರಿಂದ ಅದಕ್ಕೆ ಪ್ರತ್ಯೇಕ ಅಧ್ಯಾಯ.

ಅಧಿಕಾರಿ ನಿರ್ಣಯ

ಸೂತ್ರ: ಎದೆಯ ಮೇಲೆ ನಂಬರಿಲ್ಲದವನಿಗೆ ಅಧಿಕಾರವಿಲ್ಲ.

ಭಾಷ್ಯ: ಓಟಕ್ಕೆ ಹೆಸರು ಕೊಡದವನು ಪಕ್ಕದಲ್ಲಿ ಓಡಿ ವೇಗ ಹಿಡಿಸಿದರೆ ಅದು ಅಕ್ರಮ ನೆರವು ಎಂಬುದು ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ನಿಯಮ. ಫುಟ್‌ಪಾತಿನಿಂದ ಧುಮುಕಿ ಕೂಡಿಕೊಳ್ಳುವ ಭಾವಮೈದುನ, ಸೈಕಲ್ಲಿನಲ್ಲಿ ಹಿಂಬಾಲಿಸುವ ಸಹೋದ್ಯೋಗಿ, ಇವರೆಲ್ಲ ಬಂಧುವರ್ಗಕ್ಕೆ ಸೇರಿದವರೇ ಹೊರತು ಸಹಧಾವಕರಲ್ಲ. ನೆರವು ಅತಿಯಾದರೆ ಏನಾಗುತ್ತದೆ ಎನ್ನುವುದಕ್ಕೆ 1908ರ ಲಂಡನ್ ಒಲಿಂಪಿಕ್ಸ್ ದೃಷ್ಟಾಂತ. ಬಿಸಿಲಿಗೆ ಬಸವಳಿದ ಇಟಲಿಯ ಡೊರಾಂಡೊ ಪಿಯೆತ್ರಿ ಎಲ್ಲರಿಗಿಂತ ಮೊದಲು ಕ್ರೀಡಾಂಗಣ ಹೊಕ್ಕು, ಮತ್ತೆ ಮತ್ತೆ ಬಿದ್ದ. ಕರುಣಾಳುಗಳು ಎತ್ತಿ ನಿಲ್ಲಿಸಿ ಗೆರೆ ದಾಟಿಸಿದರು. ಪದಕ ಹೋಯಿತು. ಮರುದಿನ ರಾಣಿ ಅಲೆಕ್ಸಾಂಡ್ರಾ ಸಮಾಧಾನಕ್ಕೆ ಒಂದು ಬಟ್ಟಲು ಕೊಟ್ಟಳು. ಎತ್ತಿದವರ ಕೈಗೆ ಯಾರೂ ಏನೂ ಕೊಟ್ಟಂತಿಲ್ಲ.

ಹೊರುವುದು ಧರ್ಮವೋ ಅಧರ್ಮವೋ ಎಂಬಲ್ಲಿ ಶಾಖಾಭೇದವಿದೆ. ಕ್ಯಾಲಿಫೋರ್ನಿಯಾದ ಕಾದ ಕಣಿವೆಗಳಲ್ಲಿ ಹಾಯುವ ವೆಸ್ಟರ್ನ್ ಸ್ಟೇಟ್ಸ್ 100 ಮೈಲಿ ಓಟದಲ್ಲಿ, 62ನೇ ಮೈಲಿಯ ಫಾರೆಸ್ಟ್‌ಹಿಲ್ ಊರಿನಿಂದ ಸಹಧಾವಕ ಜೊತೆಗೂಡಬಹುದು. ಆದರೆ ಗೆಳೆಯನ ನೀರಿನ ಬಾಟಲಿ ಹೊರುವಂತಿಲ್ಲ. ಕೊಲರಾಡೋದ ಲೆಡ್‌ವಿಲ್ ಓಟದಲ್ಲಿ ಹೊರಬಹುದು, ಅಲ್ಲಿಯವರು ಅದನ್ನು ಹೇಸರಗತ್ತೆ ಕೆಲಸವೆಂದೇ ಕರೆಯುತ್ತಾರೆ. ಮುಂಬೈ ಶಾಖೆಯವರಾದ ನಾವು ಹೊರುವುದು ಗೆಳೆಯನ ಗೊಣಗಾಟವನ್ನು ಮಾತ್ರ.

ಗೆಲ್ಲುವ ಚಪಲ ಇರುವವನು ಅನಧಿಕಾರಿ. 1994ರ ಲಾಸ್ ಏಂಜಲೀಸ್ ಮ್ಯಾರಥಾನಿನಲ್ಲಿ ಮುಂದಿನವರಿಗೆ ವೇಗ ಹಿಡಿಸಲೆಂದು ಸಂಬಳಕ್ಕೆ ಬಂದ ಪಾಲ್ ಪಿಲ್ಕಿಂಗ್ಟನ್, ಅರ್ಧದಾರಿಯಾಚೆ ನಿಲ್ಲಬೇಕಾದವನು ನಿಲ್ಲದೆ ಓಡಿ ತಾನೇ ಗೆದ್ದು ಮರ್ಸಿಡಿಸ್ ಕಾರು ಹೊಡೆದುಕೊಂಡ. ನಿಯಮದ ಪ್ರಕಾರ ಅದರಲ್ಲಿ ತಪ್ಪಿಲ್ಲ. ಆದರೆ ಗೆಳೆಯನನ್ನು ಹಿಂದೆ ಬಿಟ್ಟು ಕಾರು ಗೆದ್ದವನ ಪಕ್ಕದ ಸೀಟಿನಲ್ಲಿ ಮುಂದೆ ಯಾರು ಕೂರಬೇಕು ಎಂಬ ಪ್ರಶ್ನೆಗೆ ನಿಯಮಪುಸ್ತಕದಲ್ಲಿ ಉತ್ತರವಿಲ್ಲ.

ಪ್ರಮಾಣ ವಿಚಾರ

ಪೂರ್ವಪಕ್ಷ: ಕಬ್ಬನ್ ಪಾರ್ಕ್ ಸಂಪ್ರದಾಯದವರು ಓಟದ ವೇಗಕ್ಕೆ ಕೈಗಡಿಯಾರವೊಂದನ್ನೇ ಪ್ರಮಾಣವೆಂದು ಒಪ್ಪುತ್ತಾರೆ. ಅದು ಉಪಗ್ರಹದಿಂದ ಇಳಿದುಬಂದದ್ದು, ಅಪೌರುಷೇಯ, ಆದ್ದರಿಂದ ನಿರ್ದೋಷ. ಬೆಂಗಳೂರಿನ ನಸುಕಿನಲ್ಲಿ ಕಿಲೋಮೀಟರಿಗೆ ಆರು ನಿಮಿಷ ಓಡಿದವನು ಮುಂಬೈಯಲ್ಲೂ ಆರು ನಿಮಿಷಕ್ಕೇ ಓಡಬೇಕು. ಕಿಲೋಮೀಟರ್ ಎಲ್ಲಿದ್ದರೂ ಕಿಲೋಮೀಟರೇ.

ಸಿದ್ಧಾಂತ: ಹಾಗಲ್ಲ. 60 ಕಿಲೋ ತೂಕದವನು ಒಂದು ಕಿಲೋಮೀಟರ್ ಓಡಲು ಸುಮಾರು 60 ಕಿಲೋಕ್ಯಾಲೊರಿ ಸುಡುತ್ತಾನೆ. ಅದರ ಮುಕ್ಕಾಲು ಪಾಲಿಗೂ ಹೆಚ್ಚು ಬರೀ ಶಾಖವಾಗಿ ಮೈಯಲ್ಲೇ ಉಳಿಯುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ 580 ಕಿಲೋಕ್ಯಾಲೊರಿಯಷ್ಟು ಶಾಖವನ್ನು ಹೊತ್ತೊಯ್ಯುತ್ತದೆ. ಆರಿದರೆ ಎನ್ನುವುದೇ ಇಲ್ಲಿ ಮುಖ್ಯ. 900 ಮೀಟರ್ ಎತ್ತರದ ಬೆಂಗಳೂರಿನ ಒಣಗಾಳಿಯಲ್ಲಿ ಅದು ಆರುತ್ತದೆ, ಮುಂಬೈಯ ತೇವಗಾಳಿಯಲ್ಲಿ ತೊಟ್ಟಿಕ್ಕುತ್ತದೆ. ತೊಟ್ಟಿಕ್ಕಿದ ಬೆವರು ತಂಪೂ ಕೊಡದ, ವಾಪಸೂ ಬಾರದ ಖರ್ಚು. ಸೆಕೆಯನ್ನು ಅಳೆಯಲು ಅಮೆರಿಕದ ಸೈನ್ಯದವರು 1950ರ ದಶಕದಲ್ಲಿ ರೂಪಿಸಿದ ಸೂಚ್ಯಂಕವನ್ನು ನೋಡಿ: ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕಕ್ಕೆ ಅದರಲ್ಲಿ ಹತ್ತರಲ್ಲಿ ಏಳು ಪಾಲು, ಬಿಸಿಲು ಕುಡಿಯುವ ಕಪ್ಪು ಗೋಳಕ್ಕೆ ಎರಡು ಪಾಲು. ನಾವು ಮೊಬೈಲಿನಲ್ಲಿ ನೋಡಿ ಗಾಬರಿಯಾಗುವ ಗಾಳಿಯ ಉಷ್ಣತೆಗೆ ಒಂದೇ ಒಂದು ಪಾಲು. ದೇಹ ಸೆಕೆಗೆ ಒಗ್ಗಲು 10ರಿಂದ 14 ದಿನ ಬೇಕು. ನಮ್ಮ ಗೆಳೆಯನೋ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಹಿಂದಿನ ದಿನ ಬಂದು ಇಳಿಯುತ್ತಾನೆ. ಇಳಿದ ನಿಲ್ದಾಣದ ಎದುರಿನಿಂದಲೇ ಓಟ ಶುರುವಾಗುವುದರಿಂದ ತನಗೆ ಅನುಕೂಲವಾಯಿತೆಂದೂ ಭಾವಿಸುತ್ತಾನೆ.

ಹಾಗಾದರೆ ಪ್ರಮಾಣ ಯಾವುದು? ಸೂತ್ರ: ವಾಕ್ಯವೇ ಪ್ರಮಾಣ. ಭಾಷ್ಯ: "ನಾನು ಇವತ್ತು ಸಂಜೆ ವಡಾಪಾವ್ ತಿನ್ನಬೇಕು" ಎಂದು ಕರ್ತೃ, ಕರ್ಮ, ಕ್ರಿಯಾಪದ ಸಮೇತ ಹೇಳುವವನು ಕ್ಷೇಮವಾಗಿದ್ದಾನೆ. ಮೊದಲು ಬಿದ್ದುಹೋಗುವುದು ವಿಶೇಷಣ, ಆಮೇಲೆ ಕರ್ಮ, ಆಮೇಲೆ ಕರ್ತೃ. "ಬಿಟ್ಬಿಡು" ಎಂಬ ಕ್ರಿಯಾಪದವೊಂದೇ ಉಳಿದರೆ ವೇಗ ತಗ್ಗಿಸಬೇಕು. "ಹೂಂ" ಎಂಬ ಅವ್ಯಯಕ್ಕೆ ಇಳಿದರೆ ನಡೆಸಬೇಕು. ಅಸಂಬದ್ಧವಾಗಿ ಮಾತಾಡತೊಡಗಿ ಕಾಲು ತಡವರಿಸಿದರೆ ಮೀಮಾಂಸೆ ಅಲ್ಲಿಗೆ ಮುಗಿಯಿತು: ಓಟ ನಿಲ್ಲಿಸಿ, ವೈದ್ಯರನ್ನು ಕೂಗಿ, ಮೈಗೆಲ್ಲ ಐಸು ನೀರು ಸುರಿಯಬೇಕು. ಅದಕ್ಕೆ ಸೂತ್ರವೂ ಇಲ್ಲ, ಭಾಷ್ಯವೂ ಇಲ್ಲ.

ಪಂಚಾವಸ್ಥಾ ಪ್ರಕರಣ

ಭರತಮುನಿ ನಾಟಕದ ಕಾರ್ಯಕ್ಕೆ ಐದು ಅವಸ್ಥೆಗಳನ್ನು ಹೇಳಿದ್ದಾನೆ. ಮುಂಬೈಯ ಹಾದಿಯನ್ನು ಮನಸ್ಸಿನಲ್ಲಿಟ್ಟೇ ಹೇಳಿದಂತಿದೆ.

ಆರಂಭ: ಕತ್ತಲಿರುವಾಗಲೇ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನಿಂದ ಹೊರಟು ಮರೀನ್ ಡ್ರೈವ್ ಹಿಡಿಯುವಾಗ ಗೆಳೆಯನಿಗೆ ರೆಕ್ಕೆ ಮೂಡುತ್ತದೆ. "ಏನ್ ಮಗಾ, ಎತ್ತಿನಗಾಡಿ ಓಡಿಸ್ತಿದ್ದೀಯಾ?" ಎಂದು ಸಹಧಾವಕನನ್ನು ಮೂದಲಿಸುತ್ತಾನೆ. ಆಗ ಕಿವುಡನಾಗಬೇಕು. ಇದಕ್ಕೆ ಆಪ್ತಪ್ರಮಾಣ 1954ರ ಮೇ 6, ಆಕ್ಸ್‌ಫರ್ಡಿನ ಇಫ್ಲಿ ರೋಡ್. ನಾಲ್ಕು ನಿಮಿಷದೊಳಗೆ ಮೈಲಿ ಓಡಲು ಹೊರಟ ರೋಜರ್ ಬ್ಯಾನಿಸ್ಟರ್ ಮೊದಲ ಸುತ್ತಿನಲ್ಲೇ ಮುಂದಿದ್ದ ಗೆಳೆಯ ಕ್ರಿಸ್ ಬ್ರಾಷರ್‌ಗೆ ಇನ್ನೂ ಜೋರಾಗಿ ಓಡೆಂದು ಕೂಗಿದ. ಬ್ರಾಷರ್ ಜಪ್ಪಯ್ಯ ಅನ್ನಲಿಲ್ಲ, ತನ್ನ ಲೆಕ್ಕದಲ್ಲೇ ಓಡಿದ. ಮೂರನೇ ಸುತ್ತಿನಲ್ಲಿ ಇನ್ನೊಬ್ಬ ಗೆಳೆಯ ಕ್ರಿಸ್ ಚಾಟವೇ ಮುಂದೆ ಬಂದು ಎಳೆದ. 3 ನಿಮಿಷ 59.4 ಸೆಕೆಂಡಿಗೆ ಚರಿತ್ರೆಯಾಯಿತು. ಗೆಳೆಯನ ಮಾತು ಕೇಳಿದ್ದರೆ ಏನಾಗುತ್ತಿತ್ತೋ ಎಂದು ಊಹಿಸುವುದು ಶಾಸ್ತ್ರಕ್ಕೆ ಭೂಷಣವಲ್ಲ.

ಪ್ರಯತ್ನ: ಬಾಂದ್ರಾ-ವರ್ಲಿ ಸೇತುವೆ. ಕಡಲಗಾಳಿ ಬೀಸುತ್ತದೆ, ಫೋಟೊ ತೆಗೆಸಿಕೊಳ್ಳುವ ಆಸೆಯಾಗುತ್ತದೆ. ಗೆಳೆಯನ ಗೆಲುವು ಉತ್ತುಂಗದಲ್ಲಿರುತ್ತದೆ. ನಂಬಬಾರದು.

ಪ್ರಾಪ್ತ್ಯಾಶೆ: ಮಾಹೀಮ್ ಸುತ್ತಮುತ್ತ. ಸೂರ್ಯ ಮೂಡಿದ್ದಾನೆ. ಫಲ ಸಿಕ್ಕೀತು ಎಂಬ ಆಸೆಯೂ ಸಿಗಲಾರದು ಎಂಬ ಶಂಕೆಯೂ ಒಟ್ಟಿಗೇ ಇರುವ ಅವಸ್ಥೆಯಿದು. ಸಂಚಾರಿ ಭಾವಗಳಾದ ಗ್ಲಾನಿ, ಶಂಕೆ, ಅಸೂಯೆ ಒಂದರ ಹಿಂದೊಂದು ಬರುತ್ತವೆ. ಅಸೂಯೆಯ ಗುರಿ ಸಹಧಾವಕನೇ, ಅವನಿನ್ನೂ ಪೂರ್ತಿ ವಾಕ್ಯದಲ್ಲಿ ಮಾತಾಡುತ್ತಿದ್ದಾನಲ್ಲ!

ನಿಯತಾಪ್ತಿ: 35ನೇ ಕಿಲೋಮೀಟರ್ ಆಸುಪಾಸಿನ ಪೆಡ್ಡರ್ ರೋಡ್ ಏರು. ಬಿಸಿಲು ನೆತ್ತಿ ಸುಡುತ್ತದೆ. ಅಕ್ಕಪಕ್ಕದ ನಿವಾಸಿಗಳು ಕಿತ್ತಳೆ ತೊಳೆ, ಬಿಸ್ಕತ್ತು ಹಿಡಿದು ನಿಂತು ಹುರಿದುಂಬಿಸುತ್ತಾರೆ. ಇಲ್ಲಿ ಒದ್ದೆ ಸ್ಪಂಜನ್ನು ತಲೆಯ ಮೇಲೆ ಹಿಂಡುವುದೊಂದೇ ಸಂಭಾಷಣೆ. ಏರಿನಲ್ಲಿ ನಡೆದವನಿಗೆ ದೋಷವಿಲ್ಲ.

ಫಲಾಗಮ: ಮತ್ತೆ ಮರೀನ್ ಡ್ರೈವ್, ಮತ್ತೆ ಟರ್ಮಿನಸ್. ಕೊನೆಯ 200 ಮೀಟರಿನಲ್ಲಿ ಗೆಳೆಯ ಸತ್ತಂತಿದ್ದವನು ಕ್ಯಾಮೆರಾ ಕಂಡು ಹಠಾತ್ತನೆ ದೌಡಾಯಿಸುತ್ತಾನೆ. ಸಹಧಾವಕ ಎರಡು ಹೆಜ್ಜೆ ಹಿಂದೆ ಸರಿಯಬೇಕು. ಫೋಟೊದಲ್ಲಿ ಅವನ ಒಂದು ಮೊಣಕೈ ಕಂಡರೆ ಸಾಕು.

ಜಲಪ್ರಕರಣ

ಸೂತ್ರ: ಕೊಡದಿದ್ದರೂ ದೋಷ, ಅತಿಯಾದರೂ ದೋಷ.

ಭಾಷ್ಯ: 1904ರ ಸೇಂಟ್ ಲೂಯಿಸ್ ಒಲಿಂಪಿಕ್ಸ್‌ನಲ್ಲಿ 32 ಡಿಗ್ರಿ ಸೆಕೆ, ರಸ್ತೆಯ ಧೂಳು. ಹೊರಟ 32 ಜನರಲ್ಲಿ ಮುಗಿಸಿದವರು 14. ಥಾಮಸ್ ಹಿಕ್ಸ್ ನೀರು ಕೇಳಿದರೆ ಅವನ ಹಿತೈಷಿಗಳು ಬಾಯಿ ಒರೆಸಿ, ಮೊಟ್ಟೆಯ ಬಿಳಿಯಲ್ಲಿ ಸ್ಟ್ರಿಕ್ನಿನ್ ವಿಷ ಬೆರೆಸಿ ಕುಡಿಸಿ, ಮೇಲೆ ಬ್ರಾಂಡಿ ಕೊಟ್ಟರು. ಅವನು ಗೆದ್ದ, ಬದುಕಿದ. ಎರಡರಲ್ಲೂ ಹಿತೈಷಿಗಳ ಪಾತ್ರವಿಲ್ಲ. ಇನ್ನೊಂದು ತುದಿಗೆ 2002ರ ಬಾಸ್ಟನ್ ಮ್ಯಾರಥಾನ್: ಓಟದ ಕೊನೆಗೆ ರಕ್ತ ಪರೀಕ್ಷೆಗೆ ಒಳಗಾದ 488 ಜನರಲ್ಲಿ ಶೇ. 13ರಷ್ಟು ಮಂದಿಗೆ ಸೋಡಿಯಂ ಇಳಿದಿತ್ತು. ಅದಕ್ಕೆ ಮುಖ್ಯ ಕಾರಣ ಅತಿಯಾಗಿ ಕುಡಿದದ್ದು. ಆದ್ದರಿಂದ ಬಾಯಾರಿದಾಗ ಗುಟುಕು, ಉಳಿದದ್ದು ನೆತ್ತಿಗೆ.

ಸತ್ಯಾಸತ್ಯ ವಿಚಾರ

"ಇನ್ನೆಷ್ಟು ದೂರ?" ಎಂಬ ಪ್ರಶ್ನೆಗೆ ಸತ್ಯ ಹೇಳಬೇಕೆ? ನಮ್ಮ ಹಳ್ಳಿಗಳಲ್ಲಿ ದಾರಿ ಕೇಳಿದವರಿಗೆ "ಇಲ್ಲೇ, ಕೂಗಳತೆ" ಎನ್ನುವ ಪದ್ಧತಿಯಿದೆ. ಕೂಗುವವನು ಯಾರೆಂದು ಹೇಳುವುದಿಲ್ಲ. ಓಟದ ಹಾದಿಯಲ್ಲಿ ಪ್ರತಿ ಕಿಲೋಮೀಟರಿಗೂ ಫಲಕ ನಿಲ್ಲಿಸಿರುವುದರಿಂದ ಈ ಮಾರ್ಗ ಮುಚ್ಚಿಹೋಗಿದೆ. ದೂರದ ಬಗ್ಗೆ ಸುಳ್ಳು ನಿಷಿದ್ಧ, ಮುಖದ ಕಳೆಯ ಬಗ್ಗೆ ವಿಹಿತ. 38ನೇ ಕಿಲೋಮೀಟರಿನಲ್ಲಿ "ಸಕ್ಕತ್ತಾಗಿ ಕಾಣ್ತಿದ್ದೀಯ" ಎಂದವನಿಗೆ ಅನೃತದೋಷ ತಗಲದು.

ಉಪಸಂಹಾರ ಮತ್ತು ಫಲಶ್ರುತಿ

2019ರಲ್ಲಿ ವಿಯೆನ್ನಾದಲ್ಲಿ ಎಲಿಯುಡ್ ಕಿಪ್ಚೋಗೆ 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಮ್ಯಾರಥಾನ್ ದೂರ ಓಡಿದಾಗ ಸರದಿಯ ಮೇಲೆ ಸುತ್ತುವರಿದು ಓಡಿದವರು 41 ಮಂದಿ. ನಮ್ಮ ಗೆಳೆಯನಿಗೆ ದಕ್ಕಿರುವುದು ಒಬ್ಬನೇ. ಆ ಒಬ್ಬ ಕೊಡಬಲ್ಲದ್ದು ಕಾಲುಗಳನ್ನಲ್ಲ, ವಿವೇಕವನ್ನು. ಕಾದ ಮೈಯೊಳಗೆ ಮೊದಲು ಕೈಕೊಡುವುದು ವಿವೇಕವೇ ಆದ್ದರಿಂದ, ನಾಲ್ಕೈದು ಗಂಟೆ ಅದನ್ನು ಗೆಳೆಯನ ಪರವಾಗಿ ಕಾಪಾಡಿ, ಬೈಸಿಕೊಂಡು, ಗೆರೆಯಾಚೆ ಒಪ್ಪಿಸುವುದೇ ಸಹಧಾವಕತ್ವ.

ಈ ಶಾಸ್ತ್ರವನ್ನು ಶ್ರದ್ಧೆಯಿಂದ ಓದಿದವನಿಗೆ ಉಗುರು ಕಪ್ಪಾಗುವುದಿಲ್ಲ ಎಂದೇನೂ ಅಲ್ಲ. ಆದರೆ ಗೆಳೆಯ ಮದುವೆಮನೆಗಳಲ್ಲಿ ಪದಕದ ಕಥೆ ಹೇಳುತ್ತ "ಇವನೂ ಹಿಂದೇನೇ ಬರ್ತಿದ್ದ" ಎಂದು ಬೆರಳು ತೋರಿಸಿದಾಗ ಹಲ್ಲು ಕಚ್ಚದೆ ಹೋಳಿಗೆ ತಿನ್ನುವ ಶಕ್ತಿ ಅವನಿಗೆ ಖಂಡಿತ ಪ್ರಾಪ್ತವಾಗುತ್ತದೆ.